ನನ್ನ ಇಡ್ಲಿ ತಟ್ಟೆ ಕದ್ದ ವಾರಗಿತ್ತಿ

ನನ್ನ ವಾರಗಿತ್ತಿ ನಮ್ಮ ಮನೆಗೆ ಸೊಸೆಯಾಗಿ ಬಂದದ್ದೇ ನನ್ನ ಇಡ್ಲಿ ತಟ್ಟೆಗಳನ್ನು ಕದಿಯುವುದಕ್ಕೆ ಎಂದು ನಾನು ಈಗಲೂ ನಂಬಿದ್ದೇನೆ. ಮೈದುನನನ್ನು ಮದುವೆಯಾದದ್ದು ಒಂದು ನೆಪ ಅಷ್ಟೆ! ಬೇಕಾದರೆ ಕೊಟ್ಟೂರಿನ ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ. ಹೆಗಲಿಗೆ ವ್ಯಾನಿಟಿ ಚೀಲ, ಕಂಕುಳಲ್ಲಿ ನನ್ನ ಇಡ್ಲಿ ತಟ್ಟೆಗಳು, ಒಂದು ಕಾಲಿಗೆ ಕರಿ ಚಪ್ಪಲಿ, ಇನ್ನೊಂದು ಕಾಲಿಗೆ ಕಂದು ಚಪ್ಪಲಿ ಹಾಕಿಕೊಂಡು ಸರಕಾರಿ ಶಾಲೆಯ ಕಡೆಗೆ ಓಡುವ ಹೆಂಗಸೊಬ್ಬಳನ್ನು ಅವರೆಲ್ಲ ವರ್ಷಗಟ್ಟಲೆ ನೋಡಿದ್ದಾರೆ. ನೋಡಿ ನಕ್ಕಿದ್ದಾರೆ. ನಕ್ಕಾದ ಮೇಲೆ, "ಏನ ಅನ್ನ್ರಿ, ಎಂಥಾ ಚಲೋ ಟೀಚರು!" ಎಂದೂ ಅಂದಿದ್ದಾರೆ. ನನ್ನ ಹೊಟ್ಟೆ ಉರಿಯುವುದು ಅಲ್ಲಿಯೇ.

ಅಡುಗೆಮನೆಯಲ್ಲಿ ಅವಳು ಇದ್ದರೆಷ್ಟು, ಬಿಟ್ಟರೆಷ್ಟು! ಒಮ್ಮೆ ಅವಳು ಲಟ್ಟಿಸಿದ ಚಪಾತಿಯನ್ನು ತಟ್ಟೆಯಲ್ಲಿ ನೋಡಿ ನಮ್ಮ ಮಾವನವರು, "ಇದು ಯಾವ ದೇಶದ ನಕಾಶಿ ಬೇ?" ಎಂದು ಕೇಳಿದರು. ಮಾನವಂತ ಸೊಸೆಯಾದರೆ ನಾಚಿ ಒಳಗೆ ಹೋಗಬೇಕು, ಹೌದಲ್ಲವೆ? ಇವಳು ಚಪಾತಿಯನ್ನು ಎತ್ತಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, "ಈ ತುದಿ ಒಂಚೂರು ಹರದ್ರ ಆಸ್ಟ್ರೇಲಿಯಾ ಆಗ್ತೈತ್ರಿ ಮಾವಾರ" ಎಂದು ಹರಿದು, ಕಾಗದದಲ್ಲಿ ಸುತ್ತಿ, ಪಾಠಕ್ಕೆಂದು ಶಾಲೆಗೆ ತೆಗೆದುಕೊಂಡು ಹೋದಳು! ಮಾವನವರು ಅಂದು ಒಂದು ಚಪಾತಿ ಕಡಿಮೆ ಉಂಡರು.

ಅತ್ತೆಯವರ ನ್ಯಾಯವಾದರೂ ಎಂಥದು ಅಂತೀರಿ? ಸಾರಿಗೆ ಉಪ್ಪು ಹಾಕುವುದನ್ನು ನಾನು ಮರೆತರೆ, "ತವರುಮನಿ ಪದ್ಧತಿ ಎಲ್ಲಿಗೆ ಹೋಗ್ತೈತಿ" ಎನ್ನುವರು. ಅವಳು ಮರೆತರೆ, "ಪಾಪ, ತಲ್ಯಾಗ ಅಷ್ಟು ಹುಡುಗ್ರನ್ನ ಇಟ್ಕಂಡಾಳ, ಉಪ್ಪು ಎಲ್ಲಿ ಹಿಡಿಬೇಕು?" ಎಂದು ಸಪ್ಪೆ ಸಾರನ್ನೇ ಸುರಿದುಕೊಂಡು ಉಣ್ಣುವರು. ಅತ್ತೆಯವರಿಗೆ ಕಣ್ಣು ಮಂಜು. ಆದರೆ ಕಿವಿ ಮಾತ್ರ ಬಲು ಚುರುಕು. ಯಾರಾದರೂ ಮಾತಾಡುವಾಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ ಸಾಕು, ಬೆರಳು ಮಡಿಚಿ ನೆಲಕ್ಕೆ ಟಕಟಕ ಬಡಿದು, "ಖರೇ ಐತಿ, ಖರೇ ಐತಿ, ಹಲ್ಲಿ ನುಡೀತು" ಎಂದು ತೀರ್ಪು ಕೊಟ್ಟುಬಿಡುವರು. ಆ ತೀರ್ಪಿನ ಮೇಲೆ ಅಪೀಲು ಇರಲಿಲ್ಲ.

ಇಷ್ಟಾದರೂ ನಾನು ಸುಮ್ಮನಿದ್ದೆ. ಏಕೆಂದರೆ ಅವಳ ಹತ್ತಿರ ಇಲ್ಲದ ಒಂದು ಆಸ್ತಿ ನನ್ನ ಹತ್ತಿರ ಇತ್ತು. ಅದು ನನ್ನ ಮಗಳು ಗಿರಿಜ. ಹುಟ್ಟಿದಾಗ ಅಳಲು ತಡ ಮಾಡಿದ ಕೂಸು. ಆಮೇಲೆ ಎಲ್ಲದಕ್ಕೂ ತಡವಾಯಿತು. ಕುತ್ತಿಗೆ ನೆಟ್ಟಗೆ ನಿಲ್ಲಲಿಲ್ಲ, ಕೈಕಾಲು ಹೇಳಿದ ಹಾಗೆ ಕೇಳಲಿಲ್ಲ, ಮಾತು ಬರಲೇ ಇಲ್ಲ. ಒಂಬತ್ತು ವರ್ಷವಾದರೂ ಉಣಿಸುವುದು, ತೊಳೆಯುವುದು, ಮಗ್ಗುಲು ಬದಲಿಸುವುದು ಎಲ್ಲ ನನ್ನದೇ. "ಅದಕ್ಕೇನ್ ತಿಳಿತೈತಿ ಬಿಡ್ರಿ" ಎಂದವರ ಮನೆಯ ನೀರನ್ನೂ ನಾನು ಮುಟ್ಟುತ್ತಿರಲಿಲ್ಲ. ಅವಳಿಗೆ ಎಲ್ಲ ತಿಳಿಯುತ್ತದೆ. ಅವಳ ಭಾಷೆ ಮಾತ್ರ ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತು! ಕಣ್ಣು ಕಿರಿದು ಮಾಡಿದರೆ ಬಿಸಿಲು. ಕಾಲು ಸೆಟೆಸಿದರೆ ಹೊಟ್ಟೆನೋವು. ಬಾಯಲ್ಲಿ ಲೊಚಲೊಚ ಎಂದು ಚಪ್ಪರಿಸಿದರೆ ರವೆ ಬೆಲ್ಲದ ಸಜ್ಜಕ ಬೇಕು. ನಾನೇ ಅದರ ಶಬ್ದಕೋಶ, ನಾನೇ ವ್ಯಾಕರಣ. ಗಿರಿಜಳ ವಿಷಯಕ್ಕೆ ಬಂದರೆ ಅತ್ತೆಯೂ ಸರಿ, ಗಂಡನೂ ಸರಿ, ನನ್ನ ಬಾಯಿ ನೋಡಬೇಕಾಗಿತ್ತು. ಆ ಗತ್ತು ಬಿಟ್ಟರೆ ನನಗೆ ಬೇರೆ ಗತ್ತು ಇರಲಿಲ್ಲ.

ಹೀಗಿರುವಾಗ ವಾರಗಿತ್ತಿಯನ್ನು ಇಲಾಖೆಯವರು ಬಳ್ಳಾರಿಗೆ ಒಂದು ತರಬೇತಿಗೆ ಕಳಿಸಿದರು. ಇಂಥ ಮಕ್ಕಳನ್ನು ಎಲ್ಲರ ಜೊತೆ ಕೂರಿಸಿ ಪಾಠ ಹೇಳುವುದು ಹೇಗೆ ಎಂಬ ತರಬೇತಿಯಂತೆ. ಕೊಟ್ಟ ಕೈಪಿಡಿಯನ್ನು ಬಸ್ಸಿನಲ್ಲೇ ಬಿಟ್ಟು, ಮಿರ್ಚಿಯ ಪೊಟ್ಟಣವನ್ನು ಮಾತ್ರ ಜೋಪಾನವಾಗಿ ಹಿಡಿದುಕೊಂಡು ಬಂದಳು. ಬಂದವಳೇ ಚಪ್ಪಲಿ ಬಿಡುವ ಮೊದಲೇ ಘೋಷಿಸಿದಳು:

"ಯಕ್ಕಾ, ನಾಳಿಂದ ಗಿರ್ಜಿ ನನ್ನ ಕ್ಲಾಸಿಗೆ ಬರ್ತಾಳ. ನಾಕನೇ ಕ್ಲಾಸು."

"ಬಂದು ಏನ್ ಮಾಡ್ತಾಳ?"

"ಉಳದ ಹುಡುಗ್ರು ಏನ್ ಮಾಡ್ತಾವ? ಕುಂದರ್ತಾವ, ಆಕಳಿಸ್ತಾವ, ಒಂದೊಂದ್ ಸಲ ಕಲೀತಾವ. ಇಕಿನೂ ಹಂಗ."

"ಅಕಿಗೆ ಓದಾಕ ಬರಲ್ಲ, ಬರಿಯಾಕ ಬರಲ್ಲ..."

"ನನಗ ಚಪಾತಿ ಮಾಡಾಕ ಬರಲ್ಲ. ಮನಿಯಿಂದ ಹೊರಗ ಹಾಕೀರೇನು?"

ಹಾಕಬೇಕಾಗಿತ್ತು! ನಾನು ಸಿಟ್ಟಿನಿಂದ, "ನನ್ನ ಮಗಳಿಗೆ ಶಾಲಿ ಗೀಲಿ ಏನೂ ಬ್ಯಾಡ" ಎಂದೆ. ಲೊಚ್ ಎಂದು ಸಪ್ಪಳವಾಯಿತು. ಅತ್ತೆ ನೆಲ ಬಡಿದು, "ಖರೇ ಐತಿ, ಹಲ್ಲಿ ನುಡೀತು" ಎಂದರು. ಜೀವನದಲ್ಲಿ ಮೊದಲ ಬಾರಿಗೆ ಹಲ್ಲಿ ನನ್ನ ಪಕ್ಷ ವಹಿಸಿತ್ತು. ಆದರೆ ವಾರಗಿತ್ತಿ ಹಲ್ಲಿಗೆ ಹೆದರುವ ಪೈಕಿಯವಳಲ್ಲ. ಸೈಕಲ್ ಅಂಗಡಿಯವನ ಬೆನ್ನು ಹತ್ತಿ ಬೆತ್ತದ ಕುರ್ಚಿಗೆ ಹಳೆಯ ಗಾಲಿ ಹಾಕಿಸಿದಳು, ನನ್ನ ಗಂಡನಿಂದಲೇ ಅವರ ಹೊಲಿಗೆ ಅಂಗಡಿಯಲ್ಲಿ ಅದಕ್ಕೆ ಮೆತ್ತೆ ಹೊಲಿಸಿ ತರಿಸಿದಳು, ಆ ವಾರವೇ ಗಿರಿಜಳನ್ನು ತಳ್ಳಿಕೊಂಡು ಹೊರಟಳು. ನಾನೂ ಸೆರಗು ಬಿಗಿದು ಹಿಂದೆಯೇ ಹೊರಟೆ. ಉಣಿಸಲು ಬೇರೆ ಯಾರಿಗೂ ಬರುವುದಿಲ್ಲ ಎಂಬುದು ನೆಪ. ತರಗತಿಯ ಹೊಸ್ತಿಲ ಮೇಲೆ ಕುಳಿತು ಇವಳು ಸೋಲುವುದನ್ನು ಕಣ್ಣಾರೆ ನೋಡಬೇಕು ಎಂಬುದು ಖರೆ.

ಮೊದಲನೆಯದು ಇಡ್ಲಿ ತಟ್ಟೆಯ ಪಾಠ. ಅಂದು ನಾಲ್ಕರ ಮಗ್ಗಿ. ಉಳಿದವರಿಗೆಲ್ಲ ಸ್ಲೇಟು. ಗಿರಿಜಳ ಮುಂದೆ ಮಾತ್ರ ಹಲಗೆಯ ಮೇಲೆ ನನ್ನ ಸ್ಟೀಲಿನ ತಟ್ಟೆ, ಅದರಲ್ಲಿ ನಾಲ್ಕು ಕುಳಿ. ಅವಳ ಮುಷ್ಟಿಯೊಳಗೆ ಒಂದು ಶೇಂಗಾ ಇಟ್ಟು ಎಲ್ಲರೂ ಕಾಯುವುದು. ಅವಸರವಿಲ್ಲ. ಆ ಮುಷ್ಟಿ ತನಗೆ ತಿಳಿದಾಗ ಸಡಿಲಾಗಿ ಶೇಂಗಾ ಟಣ್ ಎಂದು ಬೀಳಬೇಕು. ನಾಲ್ಕು ಟಣ್ ಆದರೆ ಒಂದು ತಟ್ಟೆ. ಇಡೀ ಕ್ಲಾಸು, "ನಾಕೊಂದ್ಲ ನಾಕು!" ಎಂದು ಸೂರು ಹಾರಿಹೋಗುವಂತೆ ಕೂಗಿ ಸ್ಲೇಟಿನ ಮೇಲೆ ಬರೆದುಕೊಳ್ಳುವುದು. ಹಾಗೆ ತಟ್ಟೆಯ ಮೇಲೆ ತಟ್ಟೆ. ಟಣ್ ಆಗದೆ ಕ್ಲಾಸಿನ ಲೆಕ್ಕ ಮುಂದೆ ಹೋಗುವಂತಿಲ್ಲ. ಇದೂ ಒಂದು ಪಾಠವೇ? ನಾನು ಕೇಳಿಯೇಬಿಟ್ಟೆ.

"ಪಾಠ ಅದೇ ಯಕ್ಕಾ. ರೊಟ್ಟಿ ಒಂದ, ಹಲ್ಲಿದ್ದವ್ರು ಕಡದು ತಿಂತಾರ, ಇಲ್ದವ್ರು ನೆನಸಿಗಂಡು ತಿಂತಾರ" ಎಂದಳು, ರೊಟ್ಟಿ ತಟ್ಟಲು ಬಾರದವಳು!

ಅದೇ ದಿನ ಹರಪನಹಳ್ಳಿಯಿಂದ ನನ್ನ ಅಣ್ಣ ಹೆಂಡತಿ ಮಕ್ಕಳೊಂದಿಗೆ ಬಂದಿಳಿಯಬೇಕೆ! ಶಾಲೆಯಿಂದ ಓಡಿ ಬಂದರೆ ಹಿಟ್ಟು ಉಬ್ಬಿ ಕಾದಿತ್ತು, ಹೊಯ್ಯಲು ತಟ್ಟೆಯೇ ಇಲ್ಲ. ಲೋಟಗಳಲ್ಲಿ ಹೊಯ್ದು ಬೇಯಿಸಿದೆ. "ನಿಮ್ಮ ಮನಿ ಇಡ್ಲಿ ಯಾಕ ನೆಟ್ಟಗ ನಿಂತಾವ ತಂಗಿ?" ಎಂದ ಅಣ್ಣ. "ತಟ್ಟಿ ಮಗ್ಗಿ ಕಲಿಯಾಕ ಹೋಗ್ಯಾವ" ಎಂದೆ. ಈಗಲೂ ಆ ಮನೆಯಲ್ಲಿ ನಾನು ಅರೆಹುಚ್ಚಿ ಎಂಬ ಅಭಿಪ್ರಾಯ ಇದೆ.

ಇನ್ನೊಂದು ದಿನ ನೀರಿನ ಪಾಠ. ನೀರು ಗಟ್ಟಿಯಾಗುತ್ತದೆ, ಕರಗುತ್ತದೆ, ಆವಿಯಾಗುತ್ತದೆ. ಗೇಟಿನ ಹೊರಗೆ ನಿಲ್ಲುವ ಐಸ್‌ಕ್ಯಾಂಡಿಯವನನ್ನು ಒಳಗೆ ಕರೆದು, ಐಸಿನ ಚೂರೊಂದನ್ನು ಕೈಯಿಂದ ಕೈಗೆ ದಾಟಿಸುತ್ತ ಕೊನೆಗೆ ಗಿರಿಜಳ ಅಂಗೈಯಲ್ಲಿ ಇಟ್ಟಳು. ಯಾವಾಗಲೂ ಬಿಗಿದೇ ಇರುವ ಆ ಬೆರಳುಗಳು ಬಿಚ್ಚಿಕೊಂಡವು. ನನ್ನ ಮಗಳು ಕತ್ತು ಹಿಂದಕ್ಕೆ ಹಾಕಿ ಕೇಕೆ ಹೊಡೆದು ನಕ್ಕಳು! ನಾನು ಅಂಥ ನಗು ಅದುವರೆಗೆ ಕೇಳಿರಲಿಲ್ಲ. ಒಂಬತ್ತು ವರ್ಷ ಹಾಡಿದವಳು ನಾನು, ಕುಣಿದವಳು ನಾನು, ಕೋತಿಯ ಹಾಗೆ ಮುಖ ಮಾಡಿದವಳು ನಾನು. ನಗು ಮಾತ್ರ ಅವಳ ಐಸಿನ ಚೂರಿಗೆ! ಹೊಸ್ತಿಲ ಮೇಲೆ ಕುಳಿತ ನನಗೆ ಅಳು ಬಂತು. ಸಂತೋಷಕ್ಕೆ ಎಂದು ಮೇಷ್ಟ್ರುಗಳು ತಿಳಿದುಕೊಂಡರು.

ಸಂಜೆ ನಾನೂ ಐಸ್ ತರಿಸಿದೆ. ಅಂಗೈಗೆ ಒತ್ತಿದೆ. ಗಿರಿಜ ಮುಖ ಸಿಂಡರಿಸಿ ಕೈ ಕೊಸರಿದಳು. ಇಡೀ ಚೂರು ನನ್ನ ಸೀರೆಯ ಮೇಲೆ ಕರಗಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ವಾರಗಿತ್ತಿ, "ಯಕ್ಕಾ, ಐಸಿಗೆ ನಕ್ಕಿಲ್ಲ ಅಕಿ. ಅಷ್ಟು ಹುಡುಗ್ರು ಒಮ್ಮಿಗೇ 'ಯಪ್ಪಾ ತಂಪು' ಅಂದ್ರಲ್ಲ, ಅದಕ್ಕ ನಕ್ಕಾಳ" ಎಂದಳು. ಸರಿ ಮಾತನ್ನೇ ಹೇಳುವವರನ್ನು ಪ್ರೀತಿಸುವುದು ಎಷ್ಟು ಕಷ್ಟ!

ಆಮೇಲೆ ನನ್ನ ಮೊರ ಹೋಯಿತು. ಸಮಾಜ ಪಾಠದಲ್ಲಿ ನಮ್ಮ ಊರಿನ ಮತ್ತು ಸುತ್ತಲಿನ ತಾಲ್ಲೂಕುಗಳ ನಕಾಶೆ. ಮೊರದಲ್ಲಿ ಮರಳು ಹರಡಿ, ಕೊಟ್ಟೂರಿಗೆ ಮಂಡಕ್ಕಿ, ಕೂಡ್ಲಿಗಿಗೆ ಹುಣಸೆಹಣ್ಣು, ಹಗರಿಬೊಮ್ಮನಹಳ್ಳಿಗೆ ಈರುಳ್ಳಿ, ಹಡಗಲಿಗೆ ಮಲ್ಲಿಗೆ ಇಟ್ಟಳು. ಹರಪನಹಳ್ಳಿಯನ್ನು ಆಗಷ್ಟೇ ನಮ್ಮ ಜಿಲ್ಲೆಯಿಂದ ತೆಗೆದು ದಾವಣಗೆರೆಗೆ ಸೇರಿಸಿದ್ದರು. ಅದರ ಮೆಕ್ಕೆಜೋಳವನ್ನು ಮೊರದ ಅಂಚಿಗೆ ದೂಡಿದಳು. ಮುಟ್ಟಿಸಿ, ಮೂಸಿಸಿ, "ಗಿರ್ಜಿ, ಹಡಗಲಿ ಎಲ್ಲೈತಿ?" ಎಂದಳು. ಗಿರಿಜ ನಿಧಾನಕ್ಕೆ ಮುಖ ಹೊರಳಿಸಿ ಮಲ್ಲಿಗೆಯ ಕಡೆ ತಿರುಗಿದಳು. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ! ನಾನು ಮನಸ್ಸಿನಲ್ಲೇ ಮೂಗು ಮುರಿದೆ. ಮಲ್ಲಿಗೆಯ ಕಡೆಗೆ ಯಾವ ಹೆಣ್ಣುಮಗಳು ತಿರುಗುವುದಿಲ್ಲ? ಇದೆಲ್ಲ ಭೂಗೋಳ ಎಂದರೆ ನನಗೂ ಭೂಗೋಳ ಬರುತ್ತದೆ.

ಇಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದೆ. ನನ್ನ ರಾಜ್ಯ ಪೂರ್ತಿ ಬಿದ್ದುಹೋದದ್ದು ಸಜ್ಜಕದ ದಿನ.

ಅದನ್ನು ಹೇಳುವ ಮೊದಲು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. 'ಇಲ್ಲ', 'ಒಲ್ಲೆ' ಎನ್ನಲು ನಮ್ಮ ಜನ ಬಾಯಿ ಬಿಟ್ಟು ಹೇಳುವುದು ಕಡಿಮೆ. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಲೊಚ್ ಎಂದರೆ ಮುಗಿಯಿತು. ನನ್ನ ಮೈದುನ ಬಸ್ ಕಂಡಕ್ಟರು. "ಚಿಗಟೇರಿಗೆ ಹೋಗ್ತದೇನ್ರಿ?" ಎಂದು ಜನ ಓಡಿಬಂದು ಕೇಳಿದರೆ, ಲೊಚ್ ಎಂದು ಸೀಟಿ ಊದುತ್ತಾನೆ. ಪರವೂರಿನವರಿಗೆ ಇದು ಅವಮಾನ. ನಮಗೆ ಇದು ವ್ಯವಹಾರ.

ಅಂದು ಮಧ್ಯಾಹ್ನ ಮನೆಗೆ ಹೋಗಿ ತಂದ ಡಬ್ಬಿ ತೆರೆದು, "ಸಜ್ಜಕ ಉಣ್ತೀಯೇನವ್ವ?" ಎಂದು ಗಿರಿಜಳನ್ನು ಕೇಳಿದೆ. ಅವಳು ಲೊಚ್ ಎಂದಳು. "ನೋಡ್ರಿ, ಹೆಂಗ ಬಾಯಿ ಚಪ್ಪರಸ್ತಾಳ! ಸಜ್ಜಕ ಅಂದ್ರ ಜೀವ ಅಕಿಗೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ವಾರಗಿತ್ತಿ ಸೀಮೆಸುಣ್ಣವನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳು.

"ಯಕ್ಕಾ, ಭಾವಾರು ಅಂಗಡಿಯಿಂದ ಊಟಕ್ಕ ಬಂದ್ರೇನು?"

ಲೊಚ್ ಎಂದೆ ನಾನು.

"ಈಗ ನೀ ಏನಂದಿ?"

"ಬಂದಿಲ್ಲ ಅಂದೆ."

"ಅಕಿನೂ ಅದನ್ನ ಅಂದ್ಳಲ್ಲ!"

ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ವಾರಗಿತ್ತಿ ತನ್ನ ಡಬ್ಬಿಯ ಮಂಡಕ್ಕಿ ಒಗ್ಗರಣೆಯನ್ನು ಮೆತ್ತಗೆ ಕಿವುಚಿ ಮೂಗಿನ ಹತ್ತಿರ ಹಿಡಿದು, "ಇದು ಬೇಕೇನವ್ವ?" ಎಂದಳು. ಗಿರಿಜ ಕಣ್ಣನ್ನು ಮೇಲೆ, ಸೂರಿನ ತೊಲೆಯ ಕಡೆಗೆ ಎತ್ತಿ, ಬಾಯಿ ಅಗಲಿಸಿದಳು. ಸಜ್ಜಕ ಎಂದೆ, ಲೊಚ್. ಒಗ್ಗರಣೆ ಎಂದೆ, ಕಣ್ಣು ತೊಲೆಗೆ. ಮತ್ತೊಮ್ಮೆ ಸಜ್ಜಕ ಎಂದೆ. ಲೊಚ್ ಲೊಚ್! ಎಷ್ಟು ವರ್ಷ, ಎಷ್ಟು ಬೋಗುಣಿ ಸಜ್ಜಕ! ಪ್ರತಿ ಬಾರಿ ಅವಳು ಒಲ್ಲೆ ಒಲ್ಲೆ ಎನ್ನುವುದು, ನಾನು ಇನ್ನೊಂದು ಚಮಚ ತುರುಕುವುದು. ದಿನವಿಡೀ ತಾನೇ ಲೊಚಗುಟ್ಟುವ ಹೆಂಗಸಿಗೆ ತನ್ನ ಮಗಳ ಲೊಚ್ ತಿಳಿಯಲಿಲ್ಲ.

"ಅಳಬ್ಯಾಡ ಯಕ್ಕಾ" ಎಂದಳು ವಾರಗಿತ್ತಿ. "ಯಾರ ಹತ್ರ ಕಲ್ತಾಳ ಅಕಿ? ನಿನ್ನ ಹತ್ರಾನ. ನಿನ್ನ ಭಾಷೀನ ಮಾತಾಡಾಕತ್ತಾಳ."

ಸಮಾಧಾನ ಹೇಳುವುದರಲ್ಲೂ ಅವಳೇ ಗೆದ್ದಳು.

ಮನೆಗೆ ಬಂದು ಕುಳಿತಾಗ ಇನ್ನೊಂದು ಹೊಳೆಯಿತು. ಅತ್ತೆಯವರು ಇಷ್ಟು ವರ್ಷ ನೆಲ ಬಡಿದದ್ದು ಯಾವ ಹಲ್ಲಿಗೆ? ಅಷ್ಟು ವಿಷಯಗಳಲ್ಲಿ ಆಸಕ್ತಿ ಇರುವ ಹಲ್ಲಿ ಯಾವ ಗೋಡೆಯ ಮೇಲಿದೆ? "ಹಿರೇ ಸೊಸಿ ಕೈ ಭಾರ, ಎಣ್ಣಿ ಜಾಸ್ತಿ ಸುರೀತಾಳ" ಎಂದು ಅತ್ತೆ ಅಂದಾಗ ಲೊಚ್. "ಹಿರೇ ಸೊಸಿಗೆ ಬಾಯಿ ಜೋರು" ಎಂದಾಗ ಲೊಚ್. ಅತ್ತೆ ಖರೇ ಖರೇ ಎಂದು ನೆಲ ಬಡಿದಾಗಲೆಲ್ಲ, ಮೂಲೆಯ ಹಾಸಿಗೆಯಿಂದ ನನ್ನ ಮಗಳು ಅಲ್ಲ ಅಲ್ಲ ಎನ್ನುತ್ತಿದ್ದಳು! ವಕೀಲರಿಲ್ಲ ಎಂದು ಕೊರಗುತ್ತಿದ್ದ ನನಗೆ ಮನೆಯೊಳಗೇ ವಕೀಲಳಿದ್ದಳು. ಹಾಗಾದರೆ ಶಾಲೆ ಬೇಡ ಎಂದು ನಾನು ಅಂದ ದಿನ ಬಿದ್ದ ಲೊಚ್? ಅದನ್ನು ಹೆಚ್ಚು ಯೋಚಿಸಲು ಹೋಗಲಿಲ್ಲ.

ಇಷ್ಟೆಲ್ಲ ಆದ ಮೇಲೆ ವಾರಗಿತ್ತಿಯ ಮೇಲೆ ಪ್ರೀತಿ ಉಕ್ಕಿರಬೇಕು ಎಂದುಕೊಂಡಿರಾ? ಇಲ್ಲವೇ ಇಲ್ಲ. ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ಗಿರಿಜ ಬೆಳಿಗ್ಗೆ ಎದ್ದೊಡನೆ ಮೊದಲು ಹುಡುಕುವುದು ಎರಡು ಬಣ್ಣದ ಚಪ್ಪಲಿಯ ಸಪ್ಪಳವನ್ನು. ನಾನು ತಲೆ ಬಾಚಿದರೆ ಕೊಸರಾಟ, ಅವಳು ಬೈತಲೆಯನ್ನು ವಕ್ರವಾಗಿ ತೆಗೆದರೂ ಕಣ್ಣು ತೊಲೆಗೆ. ಮಗಳ ಭಾಷೆ ಈಗ ಇಡೀ ನಾಲ್ಕನೇ ಕ್ಲಾಸಿಗೆ ಬರುತ್ತಿತ್ತು. ಓಣಿಯಲ್ಲಿ ಹೋಗುವ ಹುಡುಗಿಯರು ಕಿಟಕಿಯಿಂದಲೇ, "ಗಿರ್ಜಿ, ಹೋಮ್‌ವರ್ಕ್ ಮಾಡಿದೇನು?" ಎಂದು ಕೂಗುವರು. ಒಳಗಿನಿಂದ ಲೊಚ್. "ನಾವೂ ಮಾಡಿಲ್ಲ" ಎಂದು ನಗುತ್ತ ಹೋಗುವರು. ನನ್ನ ಶಬ್ದಕೋಶವನ್ನು ಕೊಳ್ಳುವವರೇ ಇರಲಿಲ್ಲ. ಒಂದು ಸೋಮವಾರ ಸ್ನಾನ ಮಾಡಿ, ದೇವರ ಮುಂದೆ ಕಾಯಿ ಇಟ್ಟು, "ಯಪ್ಪಾ ಶಿವನೇ, ಅಕಿಗೆ ಎಲ್ಲಿಗಾರ ವರ್ಗ ಆಗ್ಲಿ. ಪ್ರಮೋಷನ್ ಮ್ಯಾಲೇ ಆಗ್ಲಿ, ನನ್ನದೇನೂ ತಕರಾರಿಲ್ಲ" ಎಂದು ಬೇಡಿಕೊಂಡೆ.

ನನ್ನ ಎಷ್ಟೋ ಹರಕೆಗಳನ್ನು ಕೇಳದ ದೇವರು ಇದನ್ನು ಮಾತ್ರ ತಪ್ಪದೆ ಕೇಳಿದ. ಗಿರಿಜ ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಮೈದುನನಿಗೆ ಹಡಗಲಿಯ ಡಿಪೋ ಆಯಿತು. ಹಿಂದೆಯೇ ವಾರಗಿತ್ತಿಗೂ ಅಲ್ಲಿಗೆ ವರ್ಗವಾಯಿತು.

ಹೊರಡುವ ದಿನ ಹೆಡ್‌ಮಾಸ್ತರರು ಮನೆಗೆ ಬಂದರು. "ಗಿರ್ಜಿಗೆ ಇನ್ನ ಪಾಠ ಯಾರು ಹೇಳ್ತಾರ್ರಿ? ಹೊಸ ಮೇಷ್ಟ್ರು ಹೆದರಾಕತ್ತಾರ" ಎಂದರು. ವಾರಗಿತ್ತಿ ಟ್ರಂಕಿನ ಮೇಲೆ ಕುಳಿತು ಅದನ್ನು ಮುಚ್ಚಲು ಹೆಣಗುತ್ತ, "ನಮ್ಮಕ್ಕ ಇಲ್ಲೇನ್ರಿ? ಎರಡು ವರ್ಷ ಹೊಸ್ತಿಲ ಮ್ಯಾಲೆ ಕುಂತು ಟ್ರೇನಿಂಗ್ ಮುಗಿಸ್ಯಾಳ. ನನ್ನಂಗ ಕೈಪಿಡಿ ಬಸ್ಸಿನಾಗ ಬಿಟ್ಟಿಲ್ಲ" ಎಂದಳು. ನಾನು ಅಲ್ಲಿ ಏಕೆ ಕುಳಿತಿರುತ್ತಿದ್ದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ ಎಂದು ನೀವು ತಿಳಿಯಬೇಡಿ. ಮುಂದೆ ಕೇಳಿ. ಮನೆ ಮಂದಿಯೆಲ್ಲ ಪಡಸಾಲೆಯಲ್ಲಿ ಸೇರಿದಾಗ ಅವಳು ಗಿರಿಜಳ ಕುರ್ಚಿಯ ಮುಂದೆ ಮೊಣಕಾಲೂರಿ ಕುಳಿತು, ಗಟ್ಟಿಯಾಗಿ ಕೇಳಿದಳು:

"ಗಿರ್ಜಿ, ಖರೇ ಹೇಳು. ನಿಮ್ಮವ್ವಗ ನನ್ನ ಮ್ಯಾಲೆ ಹೊಟ್ಟಿಕಿಚ್ಚು ಐತೋ ಇಲ್ಲೋ?"

ನಾನು ಒಂದು ಲೊಚ್‌ಗಾಗಿ ಕಾದೆ. ಎಷ್ಟೋ ವರ್ಷ ನನ್ನ ಪರ ವಾದ ಮಾಡಿದ ಮಗಳು! ಅವಳ ಕಣ್ಣು ನಿಧಾನಕ್ಕೆ ಮೇಲೆ ಹೋಯಿತು. ತೊಲೆಗೆ ಹೋಗಿ ಅಲ್ಲೇ ನಿಂತಿತು. ಹೆಡ್‌ಮಾಸ್ತರರ ಎದುರಿಗೇ! ಮಾವನವರು ಬಿದ್ದು ಬಿದ್ದು ನಕ್ಕರು. ಏನಾಯಿತೆಂದು ಕಾಣದ ಅತ್ತೆ, "ಏನಂದ್ಳು, ಏನಂದ್ಳು?" ಎಂದು ಕೇಳಿ ತಿಳಿದು, ಕೊನೆಗೆ ಅವರೂ ನಕ್ಕರು. ವಾರಗಿತ್ತಿ ನಗುತ್ತಲೇ ಎದ್ದು, ತನ್ನ ಮುಡಿಯಲ್ಲಿ ಜಾರುತ್ತಿದ್ದ ಮಲ್ಲಿಗೆಯ ಮಾಲೆಯನ್ನು ಕಿತ್ತು ನನ್ನ ಹೆರಳಿಗೆ ಸಿಕ್ಕಿಸಿ, "ನನ್ನ ತಲ್ಯಾಗ ಯಾವುದೂ ನಿಲ್ಲಂಗಿಲ್ಲ ಯಕ್ಕಾ, ನೀನ ಇಟ್ಕ" ಎಂದು ಓಡಿ ಬಸ್ಸು ಹತ್ತಿದಳು. ಹೋದ ಮೇಲೆ ನೋಡಿದರೆ ನನ್ನ ಒಂದು ಚಪ್ಪಲಿ ಇರಲಿಲ್ಲ.

ಅಡುಗೆಮನೆಯಲ್ಲಿ ಇಡ್ಲಿ ತಟ್ಟೆಗಳೆಲ್ಲ ತೊಳೆದು ಜೋಡಿಸಿದ್ದವು. ಮೊರ ಮೊಳೆಗೆ ತೂಗುತ್ತಿತ್ತು. ಎಲ್ಲ ಇದ್ದ ಜಾಗದಲ್ಲೇ ಇತ್ತು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಸಂಜೆ ಗಿರಿಜಳನ್ನು ತೊಡೆಯ ಮೇಲೆ ಹಾಕಿಕೊಂಡು ಉಣಿಸಲು ಕುಳಿತೆ. ಅನ್ನ ಬೇಕೇನವ್ವ? ಲೊಚ್. ಒಗ್ಗರಣೆ? ಲೊಚ್. ಹಾಲು? ಲೊಚ್. ಮುಖವನ್ನು ಹೊರಳಿಸಿ ಹೊರಳಿಸಿ ನನ್ನ ಕುತ್ತಿಗೆಗೆ ತರುತ್ತಿದ್ದಳು. ಹೆರಳು ಚುಚ್ಚುತ್ತಿದೆ ಎಂದು ಹಿಂದಕ್ಕೆ ಹಾಕಿದೆ. ಅವಳು ಕಷ್ಟಪಟ್ಟು, ಕತ್ತು ನಡುಗಿಸುತ್ತ, ಮತ್ತೆ ಆ ಕಡೆಗೇ ತಿರುಗಿದಳು. ಆಗ ನನಗೆ ಹೂವಿನ ವಾಸನೆ ಬಂತು. ಮೊರದ ಮೇಲಿನ ಮರಳು ನೆನಪಾಯಿತು.

"ಹಡಗಲಿ" ಎಂದೆ.

ಕಣ್ಣು ತೊಲೆಗೆ.

"ಚಿಕ್ಕವ್ವ ಹಡಗಲಿಗೆ ಹೋದ್ಳೇನು ಅಂತ ಕೇಳಾಕತ್ತಿಯೇನವ್ವ?"

ಕಣ್ಣು ತೊಲೆಗೆ. ಮತ್ತೆ ಅಲ್ಲಿಂದ ಇಳಿಯಲಿಲ್ಲ, ತುಂಬಿಕೊಂಡು ಅಲ್ಲೇ ನಿಂತಿತು. ನನ್ನ ಮಗಳಿಗೆ ಭೂಗೋಳ ಬರುತ್ತಿತ್ತು. ಅವಳು ತನ್ನಷ್ಟಕ್ಕೆ ತಾನೇ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಯಾರೂ ಏನೂ ಕೇಳದೆ, ತಾನಾಗಿ ಕೇಳಿದ್ದು. ಸೆರಗಿನಿಂದ ಅವಳ ಕೆನ್ನೆ ಒರೆಸುತ್ತ, ಹಳೆಯ ಬಿಗುಮಾನದಲ್ಲೇ ಹೇಳಿದೆ:

"ಹೋದ್ರ ಹೋಗ್ಲಿ ಬಿಡು. ನಿಮ್ಮವ್ವಗ ಅಕಿ ಬೇಕಾಗ್ಯಾಳ ಅಂತ ತಿಳ್ಕಬ್ಯಾಡ. ನನಗೇನ್ ಅಕಿ ಬ್ಯಾಡ."

ಲೊಚ್, ಎಂದಳು ಗಿರಿಜ.

ನಾನು ಬೆರಳು ಮಡಿಚಿ ನೆಲಕ್ಕೆ ಬಡಿದೆ. "ಖರೇ ಐತಿ ನನ್ನವ್ವಾ" ಎಂದೆ. "ಖರೇ ಐತಿ."